ತಿಂಗಳ ಲೆಕ್ಕದಲ್ಲಿ ಕೋಡ್ ಕಲಿತವರು: ಒಂದು ಪ್ರಕರಣ ಅಧ್ಯಯನ

ಇದು ನೌಕರಿ, ಮನೆ ಎರಡನ್ನೂ ನೋಡಿಕೊಂಡು ತಾವಾಗಿಯೇ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತ ಒಬ್ಬ ಮಹಿಳೆಯ ಪ್ರಕರಣ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಹೆಸರು, ಊರು, ಆಫೀಸು ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ಸಣ್ಣ ವಿವರ ಬದಲಿಸಿದ್ದೇನೆ. ಕಲಿಕೆ ಎಲ್ಲಿ ನಿಂತಿತು, ಯಾವ ತೀರ್ಮಾನದಿಂದ ಮತ್ತೆ ಹೊರಟಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಸ್ವಂತವಾಗಿ ಪ್ರೋಗ್ರಾಮಿಂಗ್ ಕಲಿಯುವವರು ನನ್ನ ಹತ್ತಿರ ಹೇಳಿಕೊಳ್ಳುವ ಕಷ್ಟ ಹೆಚ್ಚುಕಡಿಮೆ ಒಂದೇ: "ಶುರು ಮಾಡ್ತೀನಿ, ನಡುವೆ ಬಿಟ್ಟುಹೋಗುತ್ತೆ." ಈ ಪ್ರಕರಣದಲ್ಲೂ ನಡುವೆ ಬಿಟ್ಟುಹೋಗುವುದು ಕೊನೆಯವರೆಗೂ ನಿಲ್ಲಲಿಲ್ಲ. ಆದರೆ ಬಿಟ್ಟ ಮೇಲೆ ಮತ್ತೆ ಹಿಡಿಯುವುದು ಸುಲಭವಾಯಿತು. ವ್ಯತ್ಯಾಸ ಬಂದದ್ದು ಅಲ್ಲಿಂದ.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಅಲ್ಲಿ ಒಬ್ಬ ಆಡಿಟರ ಆಫೀಸಿನಲ್ಲಿ ಇವರು ಅಕೌಂಟ್ಸ್ ಸಹಾಯಕಿ. ವಯಸ್ಸು ಮೂವತ್ತು ದಾಟಿದೆ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಕೈ ಪಳಗಿದೆ. ಎಕ್ಸೆಲ್‌ನಲ್ಲಿ ವಿ-ಲುಕ್‌ಅಪ್ ಹಾಕುವುದು ಗೊತ್ತು. ಮನೆಯಲ್ಲಿ ಗಂಡ, ಅತ್ತೆ, ಪ್ರೈಮರಿ ಶಾಲೆಗೆ ಹೋಗುವ ಮಗ. ಒಂದು ಹಳೇ ಲ್ಯಾಪ್‌ಟಾಪ್ ಇದೆ, ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ. ಕರೆಂಟ್ ಹೋದರೆ ಪಾಠವೂ ಹೋಗುತ್ತದೆ.

ಪ್ರೋಗ್ರಾಮಿಂಗ್ ಯಾಕೆ ಅಂದರೆ, ಜೊತೆಗೆ ಓದಿದ ಗೆಳತಿಯೊಬ್ಬರು ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕಂಪನಿ ಸೇರಿದ್ದರು. ಸಂಬಳದಲ್ಲಿ ಅಜಗಜಾಂತರ. "ಒಂದು ವರ್ಷದೊಳಗೆ ನಾನೂ ಐಟಿಗೆ ಹೋಗಬೇಕು" ಅನ್ನುವುದೇ ಇವರ ಗುರಿ. ಐಟಿಯಲ್ಲಿ ಯಾವ ಕೆಲಸ, ಅದಕ್ಕೆ ಏನೇನು ಬರಬೇಕು ಅನ್ನುವುದು ಆಗ ಅವರಿಗೆ ಸ್ಪಷ್ಟ ಇರಲಿಲ್ಲ. ಪೈಥಾನ್ ಸುಲಭ ಅಂತ ಯಾರೋ ಹೇಳಿದ್ದರು, ಅದನ್ನೇ ಹಿಡಿದರು.

ಅವರ ತಿಂಗಳು ಹೇಗಿರುತ್ತದೆ ಅನ್ನುವುದು ಇಲ್ಲಿ ಬಹಳ ಮುಖ್ಯ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಇಂಥ ಆಫೀಸುಗಳ ಬದುಕೆಲ್ಲ ತಾರೀಖುಗಳ ಮೇಲೆ ನಿಂತಿದೆ. ತಿಂಗಳ ರಿಟರ್ನ್ ಹಾಕುವ ವ್ಯಾಪಾರಿಗಳ ಜಿಎಸ್‌ಟಿಆರ್-1ಕ್ಕೆ, ಅಂದರೆ ಮಾರಾಟದ ವಿವರ ಕೊಡುವ ರಿಟರ್ನ್‌ಗೆ, 11 ಕೊನೆ ದಿನ. 14ಕ್ಕೆ ಜಿಎಸ್‌ಟಿಆರ್-2ಬಿ ಸಿಗುತ್ತದೆ. ಅಂದರೆ ಮಾಲು ಕೊಟ್ಟವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ. 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ಒಟ್ಟು ಲೆಕ್ಕ ತೋರಿಸಿ ತೆರಿಗೆ ಕಟ್ಟುವ ರಿಟರ್ನ್. 2022ರ ಜನವರಿ 1ರಿಂದ 2ಬಿಯಲ್ಲಿ ಕಾಣದ ಬಿಲ್ಲಿನ ತೆರಿಗೆ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದು) ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿ 14ರಿಂದ 20ರ ನಡುವೆ ಪ್ರತಿಯೊಬ್ಬ ಕಕ್ಷಿದಾರರ ಖರೀದಿ ರಿಜಿಸ್ಟರನ್ನು 2ಬಿ ಜೊತೆ ಸಾಲು ಸಾಲಾಗಿ ತಾಳೆ ನೋಡಬೇಕು. ಆ ವಾರ ರಾತ್ರಿ ಎಂಟೂವರೆಗೆ ಮನೆಗೆ ಬಂದರೆ ಬೇಗ ಬಂದ ಹಾಗೆ. ಇದರ ಮೇಲೆ ಜುಲೈ ಕೊನೆಯಲ್ಲಿ ಆದಾಯ ತೆರಿಗೆ ರಿಟರ್ನ್, ಸೆಪ್ಟೆಂಬರ್ ಕೊನೆಯಲ್ಲಿ ಆಡಿಟ್ ವರದಿ.

ಸಮಸ್ಯೆ

ಕೋಡ್ ಬರೆಯುವುದು ನನ್ನ ಹೊಟ್ಟೆಪಾಡು. ಹೊಸದಾಗಿ ಕಲಿಯುವ ಕೆಲವರಿಗೆ ಬಿಡುವಿದ್ದಾಗ ಜೊತೆ ಕೊಡುತ್ತೇನೆ. ಪರಿಚಯದವರ ಮೂಲಕ ಇವರು ಸಿಕ್ಕಾಗ ಕಲಿಯಲು ಶುರು ಮಾಡಿ ಒಂದು ವರ್ಷ ಆಗಿತ್ತು. "ನನಗೆ ತಲೆ ಇಲ್ಲ ಅನ್ಸುತ್ತೆ, ಫಂಕ್ಷನ್ ದಾಟೋಕೇ ಆಗ್ತಿಲ್ಲ" ಅಂದರು. ಫಂಕ್ಷನ್ ಅಂದರೆ ಒಂದು ಹೆಸರು ಕೊಟ್ಟು ಕಟ್ಟಿಟ್ಟ, ಬೇಕಾದಾಗಲೆಲ್ಲ ಕರೆಯಬಹುದಾದ ಕೋಡಿನ ತುಂಡು.

ಸ್ಕ್ರೀನ್ ಹಂಚಿಕೊಂಡು ಅವರ ಲ್ಯಾಪ್‌ಟಾಪ್ ನೋಡಿದೆ. ಡೆಸ್ಕ್‌ಟಾಪ್ ಮೇಲೆ ಸಾಲಾಗಿ ಫೋಲ್ಡರ್‌ಗಳು: ಪೈಥಾನ್, ಪೈಥಾನ್ ನ್ಯೂ, ಪೈಥಾನ್ ಫೈನಲ್, ಪೈಥಾನ್ ಫೈನಲ್ 2. ಒಂದೊಂದನ್ನೂ ತೆರೆದು ನೋಡಿದೆವು. ಎಲ್ಲದರಲ್ಲೂ ಮೊದಲ ಫೈಲು ಒಂದೇ, ಹೆಸರು ಕೇಳಿ ನಮಸ್ಕಾರ ಹೇಳುವ ಪ್ರೋಗ್ರಾಂ. ಎರಡನೆಯದು ಎರಡು ಸಂಖ್ಯೆ ಕೂಡಿಸುವುದು. ಮೂರನೆಯದು ಸಮ, ಬೆಸ. ನಾಲ್ಕನೆಯದು ಮಗ್ಗಿ ಬರೆಯುವ ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್. ಅಲ್ಲಿಗೆ ಫೋಲ್ಡರ್ ಮುಗಿಯಿತು. ಫೈಲುಗಳ ತಾರೀಖು ನೋಡಿದರೆ ಪ್ರತಿ ಫೋಲ್ಡರ್ ಕೂಡ ಒಂದು ತಿಂಗಳ ಮೂರನೇ ವಾರದ ಕೊನೆಗೆ ಹುಟ್ಟಿ, ಮುಂದಿನ ತಿಂಗಳ ಮೊದಲ ವಾರಕ್ಕೆ ನಿಂತಿತ್ತು.

ಆಗ ಗೊತ್ತಾಯಿತು, ತಲೆಯ ಪ್ರಶ್ನೆ ಇಲ್ಲಿ ಇಲ್ಲವೇ ಇಲ್ಲ. ವೇರಿಯಬಲ್ (ಬೆಲೆ ಇಟ್ಟುಕೊಳ್ಳುವ ಹೆಸರು), ಇಫ್ (ಷರತ್ತು), ಲೂಪ್ ಇವನ್ನು ಅವರು ನಾಲ್ಕು ಸಲ ಕಲಿತಿದ್ದರು. ಫಂಕ್ಷನ್ ಅಧ್ಯಾಯಕ್ಕೆ ಬಂದದ್ದು ಒಂದೇ ಸಲ. ರಿಟರ್ನ್ ತಾರೀಖು ಬಂದಾಗ ಓದು ನಿಲ್ಲುತ್ತಿತ್ತು. ಎರಡು ವಾರ ಬಿಟ್ಟು ಬಂದರೆ ಮೊದಲು ಎಲ್ಲಿದ್ದೆ ಅನ್ನುವುದೇ ನೆನಪಿಲ್ಲ. "ಸರಿಯಾಗಿ ಕಲಿತಿದ್ದರೆ ಮರೆಯುತ್ತಿರಲಿಲ್ಲ" ಅನ್ನುವ ಅಪರಾಧಿ ಭಾವ. ಹಾಗಾಗಿ ಹೊಸ ಫೋಲ್ಡರ್, ಮತ್ತೆ ಮೊದಲ ಪಾಠ. ನಿಟಿಂಗ್‌ನಲ್ಲಿ ಒಂದು ಎಳೆ ತಪ್ಪಿತು ಅಂತ ಇಡೀ ಸ್ವೆಟರ್ ಬಿಚ್ಚಿ ಮೊದಲಿನಿಂದ ಹೆಣೆದ ಹಾಗೆ.

ಮರೆಯುವುದು ಕಲಿಯುವವರ ದೋಷ ಅಂತ ನಾನು ಒಪ್ಪುವುದಿಲ್ಲ. ಕಲಿತದ್ದು ಮೊದಲ ಕೆಲವು ಗಂಟೆ, ದಿನಗಳಲ್ಲೇ ವೇಗವಾಗಿ ಜಾರಿಹೋಗುತ್ತದೆ, ಆದರೆ ಎರಡನೇ ಸಲ ಕಲಿಯುವುದಕ್ಕೆ ಮೊದಲಿನಷ್ಟು ಹೊತ್ತು ಬೇಕಾಗುವುದಿಲ್ಲ ಅನ್ನುವುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹಾಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿದ್ದ. ಅಂದರೆ ನಿಂತ ಜಾಗದಿಂದಲೇ ಮುಂದೆ ಹೋಗಿ, ಬೇಕಾದಾಗ ಹಿಂದಿನದನ್ನು ಒಂದು ಸಲ ತಿರುವಿದರೆ ಸಾಕು. ಇವರು ಪ್ರತಿ ಸಲ ಪೂರ್ತಿ ಬೆಲೆ ತೆರುತ್ತಿದ್ದರು.

ಅದಕ್ಕೂ ಮೊದಲು ಏನೇನು ಮಾಡಿ ನೋಡಿದ್ದರು

ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಓದುವುದು ಮೊದಲ ಪ್ರಯತ್ನ. ಯಾರನ್ನು ಕೇಳಿದರೂ ಕೊಡುವ ಸಲಹೆ ಇದು. ಅವರ ಬೀದಿಗೆ ನಲ್ಲಿ ನೀರು ಬರುವುದು ಕೆಲವು ದಿನಕ್ಕೊಮ್ಮೆ, ಅದೂ ಬೆಳಗಿನ ಜಾವ. ನೀರು ಬಂದ ದಿನ ಸಂಪು, ಡ್ರಮ್ಮು, ಬಿಂದಿಗೆ ತುಂಬಿಸಿಕೊಳ್ಳುವಷ್ಟರಲ್ಲಿ ಆರೂವರೆ. ನೀರು ಬರದ ದಿನ ಓದಬಹುದಿತ್ತು. ಆದರೆ ಹಿಂದಿನ ರಾತ್ರಿ ಹನ್ನೊಂದಕ್ಕೆ ಮಲಗಿದವರಿಗೆ ಐದು ಗಂಟೆಗೆ ತಲೆ ಓಡುವುದಿಲ್ಲ. ವಿಡಿಯೋ ನೋಡುತ್ತಿದ್ದರು, ಕೈ ಕೀಬೋರ್ಡಿಗೆ ಹೋಗುತ್ತಿರಲಿಲ್ಲ.

ಆಮೇಲೆ ಎನ್‌ಪಿಟಿಇಎಲ್‌ನ ಒಂದು ಪೈಥಾನ್ ಕೋರ್ಸ್ ಸೇರಿದರು, ಐಐಟಿಗಳು ನಡೆಸುವ ಆನ್‌ಲೈನ್ ಪಾಠ ಅದು. ಪಾಠ ಚೆನ್ನಾಗಿತ್ತು, ಖರ್ಚಿಲ್ಲ. ವಾರಕ್ಕೊಂದು ಅಸೈನ್‌ಮೆಂಟ್, ಅದಕ್ಕೊಂದು ಕೊನೆ ದಿನ ಇರುವುದು ಒಳ್ಳೆಯದೇ, ತಳ್ಳಿಕೊಂಡು ಹೋಗುತ್ತದೆ. ಆದರೆ ಅವರು ಸೇರಿದ್ದು ಜುಲೈನಲ್ಲಿ ಶುರುವಾಗುವ ಸರದಿಗೆ. ಆದಾಯ ತೆರಿಗೆ ರಿಟರ್ನ್‌ನ ಭರಾಟೆ ಇದ್ದದ್ದೂ ಆಗಲೇ. ಮೊದಲ ಅಸೈನ್‌ಮೆಂಟ್‌ಗಳೇ ತಪ್ಪಿದವು. ಆಮೇಲೆ ಆ ಪುಟ ತೆರೆಯುವುದಕ್ಕೇ ಮನಸ್ಸು ಬರಲಿಲ್ಲ.

ಮೂರನೆಯದು ನೂರು ದಿನದ ಕೋಡ್ ಚಾಲೆಂಜ್. ದಿನಕ್ಕೆ ಕನಿಷ್ಠ ಒಂದು ಗಂಟೆ ಕೋಡ್ ಬರೆದು ಎಲ್ಲರಿಗೂ ಕಾಣುವ ಹಾಗೆ ಹೇಳಿಕೊಳ್ಳುವುದು ಅದರ ಕ್ರಮ. ಒಂದು ವಾಟ್ಸ್ಯಾಪ್ ಗುಂಪಿನಲ್ಲಿ ಇದನ್ನು ಶುರು ಮಾಡಿದರು. ಮೊದಲ ವಾರ ಹುರುಪು ಜೋರಾಗಿತ್ತು. ರಾತ್ರಿ ಮಗ ಮಲಗಿದ ಮೇಲೆ ಕೂತು, ಸ್ಕ್ರೀನ್‌ಶಾಟ್ ಹಾಕಿ ಮಲಗುತ್ತಿದ್ದರು. 3ಬಿ ವಾರ ಬಂತು. ಎರಡು ದಿನ ತಪ್ಪಿತು. ಗುಂಪಿನಲ್ಲಿ ಉಳಿದವರ ದಿನದ ಲೆಕ್ಕ ಏರುತ್ತಾ ಹೋಯಿತು, ಇವರು ಗುಂಪನ್ನು ಮ್ಯೂಟ್ ಮಾಡಿದರು. ಮದುವೆಯಾಗದ, ಕೆಲಸ ಹುಡುಕುತ್ತಾ ಮನೆಯಲ್ಲೇ ಇದ್ದ ಹುಡುಗರ ನಡುವೆ ತಾನು ಯಾವ ಲೆಕ್ಕಕ್ಕೂ ಇಲ್ಲ ಅನ್ನಿಸಿತು ಅಂದರು. ಅದನ್ನು ಹೇಳುವಾಗ ಅವರ ದನಿ ಸಣ್ಣದಾಗಿತ್ತು.

ಈ ಮೂರೂ ಕೆಟ್ಟ ವಿಧಾನಗಳಲ್ಲ, ಅವುಗಳಿಂದ ಕಲಿತವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮೂರಕ್ಕೂ ಅಳತೆಗೋಲು ದಿನ ಅಥವಾ ವಾರ. ಇವರ ಕೆಲಸದ ಏರಿಳಿತ ಇರುವುದು ತಿಂಗಳಲ್ಲಿ. ದಿನ ತಪ್ಪಬಾರದು ಅನ್ನುವ ಯಾವ ಯೋಜನೆಯೂ 14ನೇ ತಾರೀಖಿನ ಮುಂದೆ ನಿಲ್ಲುವುದಿಲ್ಲ.

ದಿನ ತಪ್ಪಿದರೆ ಎಲ್ಲ ಹಾಳು ಅನ್ನುವ ಭಯಕ್ಕೆ ಆಧಾರವೂ ಕಡಿಮೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಮಾಡಿದ ಅಧ್ಯಯನ 2010ರಲ್ಲಿ ಅಚ್ಚಾಯಿತು. ಹೊಸ ಅಭ್ಯಾಸ ತಾನಾಗಿ ಆಗುವಂತಾಗಲು ಜನರಿಗೆ ಬೇಕಾದ ಕಾಲ ಅವರ ಅಂದಾಜಿನಲ್ಲಿ 18 ದಿನದಿಂದ 254 ದಿನದವರೆಗೆ ಹರಡಿತ್ತು. ನಡುವೆ ಒಂದು ಸಲ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ಅಲ್ಲಿ ನೋಡಿದ್ದು ಊಟ, ನೀರು, ವ್ಯಾಯಾಮದಂಥ ಅಭ್ಯಾಸಗಳನ್ನು, ಕೋಡಿಂಗ್ ಅಲ್ಲ. ಆದರೂ ಇದನ್ನು ಅವರಿಗೆ ಹೇಳಿದಾಗ ಮುಖ ಸ್ವಲ್ಪ ಸಡಿಲವಾಯಿತು.

ಮೊದಲ ತಿರುವು: ಕ್ಯಾಲೆಂಡರ್

ಮೊದಲು ಮಾಡಿದ ಕೆಲಸಕ್ಕೂ ಪೈಥಾನ್‌ಗೂ ಸಂಬಂಧ ಇರಲಿಲ್ಲ. ಅಡುಗೆ ಮನೆ ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಬನ್ನಿ ಅಂದೆ. ಹಾಲಿನ ಲೆಕ್ಕ ಬರೆದ ಅದೇ ಕ್ಯಾಲೆಂಡರಿನಲ್ಲಿ ಅವರು ಕೆಂಪು ಪೆನ್ನಿನಿಂದ 5ರಿಂದ 11, 14ರಿಂದ 20 ಗೆರೆ ಎಳೆದರು. ಜುಲೈ ಕೊನೆ ಭಾಗ, ಸೆಪ್ಟೆಂಬರ್ ಎರಡನೇ ಅರ್ಧ ಪೂರ್ತಿ ಕೆಂಪು. ನಡುವಿನ ಎರಡು ದಿನ ಬಿಟ್ಟರೆ ಮಿಕ್ಕಿದ್ದು 21ರಿಂದ ಮುಂದಿನ ತಿಂಗಳ 4ರವರೆಗೆ. ಅದರಲ್ಲಿ ಹಬ್ಬ, ಮದುವೆ, ಮಗನ ಪರೀಕ್ಷೆ ಕಳೆದರೆ ಎಂಟೋ ಹತ್ತೋ ಸಂಜೆಗಳು. ಒಂದೊಂದು ಸಂಜೆ ಒಂದೂವರೆ ಗಂಟೆ.

"ಇಷ್ಟೇನಾ?" ಅಂದರು. ಇಷ್ಟೇ. ಆದರೆ ಈ ಇಷ್ಟು ನಿಜವಾಗಿ ಇತ್ತು. ಬೆಳಗಿನ ಐದರ ಯೋಜನೆಯಲ್ಲಿ ತಿಂಗಳಿಗೆ ಮೂವತ್ತು ಗಂಟೆ ಇತ್ತು, ಅದು ಕಾಗದದ ಮೇಲೆ ಮಾತ್ರ.

ಕೆಂಪು ದಿನಗಳಲ್ಲಿ ಏನು ಮಾಡಬೇಕು ಅನ್ನುವ ಚರ್ಚೆ ಸ್ವಲ್ಪ ನಡೆಯಿತು. ದಿನಕ್ಕೆ ಹತ್ತು ನಿಮಿಷವಾದರೂ ಮಾಡುತ್ತೇನೆ ಅಂದರು. ನಾನು ಬೇಡ ಅಂದೆ. ಹತ್ತು ನಿಮಿಷ ಅಂತ ಬರೆದುಕೊಂಡರೆ ಅದೂ ತಪ್ಪುತ್ತದೆ, ಮತ್ತೆ ಅದೇ ಅಪರಾಧಿ ಭಾವ. ಕೆಂಪು ದಿನಗಳಲ್ಲಿ ಓದು ಇಲ್ಲ, ತಪ್ಪಿದ್ದನ್ನು ಸರಿದೂಗಿಸುವುದೂ ಇಲ್ಲ ಅಂತ ತೀರ್ಮಾನವಾಯಿತು. ರಜೆ ಅಂತ ಮೊದಲೇ ಗೊತ್ತಿದ್ದರೆ ಅದು ಸೋಲು ಅನ್ನಿಸುವುದಿಲ್ಲ ಅಲ್ವಾ?

ಮನೆಯವರ ಮಾತೂ ಇಲ್ಲಿ ಬಂತು. ದಿನಾ ರಾತ್ರಿ ಲ್ಯಾಪ್‌ಟಾಪ್ ಹಿಡಿದು ಕೂತಾಗ ಅತ್ತೆಗೆ ಅಸಮಾಧಾನ ಇತ್ತು. ತಿಂಗಳಿಗೆ ಇಂತಿಷ್ಟು ಸಂಜೆ, ಇಂಥ ದಿನ ಅಂತ ಗೋಡೆಯ ಮೇಲೇ ಕಾಣುವಾಗ ಆ ಸಂಜೆಗಳಲ್ಲಿ ಅಡುಗೆ ಗಂಡನ ಪಾಲಿಗೆ ಹೋಯಿತು. ಒಪ್ಪಂದ ಸಣ್ಣದಾದಷ್ಟೂ ಮನೆಯವರು ಬೇಗ ಒಪ್ಪುತ್ತಾರೆ ಅನ್ನುವುದು ಇದರಿಂದ ನನಗೆ ಸಿಕ್ಕ ತಿಳಿವಳಿಕೆ.

ಎರಡನೇ ತಿರುವು: ಫೈಲಿನ ಮೇಲ್ತುದಿಯ ಟಿಪ್ಪಣಿ

ಎರಡು ವಾರ ಪೂರ್ತಿ ಬಿಟ್ಟರೆ ಮರೆತುಹೋಗುತ್ತದೆ. ಅದಕ್ಕೆ ಉಪಾಯ ಬೇಕಿತ್ತು. ಕೂತ ಪ್ರತಿ ಸಂಜೆಯ ಕೊನೆಯ ಹತ್ತು ನಿಮಿಷ ಕೋಡ್ ಬರೆಯದೆ, ಫೈಲಿನ ಮೊದಲ ಸಾಲುಗಳಲ್ಲಿ ಕಾಮೆಂಟ್ ಆಗಿ, ಅಂದರೆ ಪ್ರೋಗ್ರಾಂ ಓಡುವಾಗ ಲೆಕ್ಕಕ್ಕೆ ಬಾರದ ಟಿಪ್ಪಣಿಯಾಗಿ, ಮೂರು ವಿಷಯ ಬರೆಯಬೇಕು: ಏನು ಕೆಲಸ ಮಾಡುತ್ತಿದೆ, ಎಲ್ಲಿ ಸಿಕ್ಕಿಕೊಂಡಿದೆ, ಬಂದ ತಕ್ಷಣ ಮೊದಲು ಏನು ಮಾಡಬೇಕು. ಪೈಥಾನ್ 3ರಲ್ಲಿ ಕಾಮೆಂಟ್ ಕನ್ನಡದಲ್ಲೇ ಬರೆಯಬಹುದು, ಏನೂ ತೊಂದರೆ ಇಲ್ಲ. ಅವರ ಒಂದು ಟಿಪ್ಪಣಿ ಇದು:

"ಎರಡೂ ಫೈಲು ಓದುತ್ತೆ. ಸಾಲು ಎಣಿಸುತ್ತೆ, ಎಣಿಕೆ ಸರಿ ಇದೆ. ಬಿಲ್ ನಂಬರ್ ಹೋಲಿಸುವಾಗ ಒಬ್ಬ ಸಪ್ಲೈಯರ್‌ದು ಒಂದೂ ಸೇರ್ತಿಲ್ಲ. ಬಂದ ಕೂಡಲೇ: ಆ ಸಪ್ಲೈಯರ್‌ನ ಒಂದೇ ಒಂದು ಬಿಲ್ ತಗೊಂಡು ಎರಡೂ ಕಡೆ ಪ್ರಿಂಟ್ ಮಾಡಿ ನೋಡು."

ಕೊನೆಯ ಸಾಲು ಮುಖ್ಯ. "ಫಂಕ್ಷನ್ ಓದು" ಅಂತ ಬರೆದಿದ್ದರೆ ಎಲ್ಲಿಂದ, ಎಷ್ಟು ಅಂತ ಯೋಚಿಸುವುದರಲ್ಲೇ ಸಂಜೆ ಹೋಗುತ್ತಿತ್ತು. "ಒಂದು ಬಿಲ್ ಪ್ರಿಂಟ್ ಮಾಡು" ಅಂದರೆ ಎರಡು ನಿಮಿಷದ ಕೆಲಸ. ಅದನ್ನು ಮಾಡುವಷ್ಟರಲ್ಲಿ ಉಳಿದದ್ದು ನೆನಪಿಗೆ ಬರುತ್ತದೆ. ಹುರುಪು ಬಂದ ಮೇಲೆ ಕೂರೋಣ ಅಂತ ಕಾಯುವವರಿಗೆ ಇದನ್ನೇ ಹೇಳುತ್ತೇನೆ: ಕೂತು ಎರಡು ನಿಮಿಷ ಕೈ ಆಡಿಸಿದ ಮೇಲೆ ಹುರುಪು ಬರುವುದೇ ಜಾಸ್ತಿ.

ಇದರ ಜೊತೆಗೆ ಒಂದು ಸಣ್ಣ ನೋಟ್‌ಬುಕ್ ಇಟ್ಟರು. ಇಂಗ್ಲಿಷಿನ ಎರರ್ ಸಂದೇಶ ಕಂಡರೆ ಅವರಿಗೆ ಕೈ ನಡುಗುತ್ತಿತ್ತು. ಬಂದ ಪ್ರತಿ ಎರರ್ ಎದುರು ತಮ್ಮ ಮಾತಿನಲ್ಲಿ ಕಾರಣ ಬರೆದುಕೊಂಡರು. ಕೀ ಎರರ್ (ಕೇಳಿದ ಹೆಸರು ಸಿಗಲಿಲ್ಲ ಅನ್ನುವ ಸಂದೇಶ) ಎದುರಿಗೆ "ಕಾಲಂ ಹೆಸರಿನ ಕೊನೇಲಿ ಸ್ಪೇಸ್ ಇದೆಯಾ ನೋಡು" ಅಂತ ಇತ್ತು. ಕೆಲವು ತಿಂಗಳಲ್ಲಿ ಹೊಸ ನಮೂದು ಅಪರೂಪವಾಯಿತು, ಅವೇ ಹತ್ತು ಹನ್ನೆರಡು ಎರರ್ ಮತ್ತೆ ಮತ್ತೆ ಬರುತ್ತವೆ ಅಂತ ತಿಳಿದ ಮೇಲೆ ಹೆದರಿಕೆ ಹೋಯಿತು.

ಮೂರನೇ ತಿರುವು: ಮೇಜಿನ ಮೇಲಿದ್ದ ಕೆಲಸವೇ ಪಾಠ

ಫೋಲ್ಡರ್‌ಗಳಲ್ಲಿದ್ದ ಅಭ್ಯಾಸಗಳು ಯಾರಿಗೂ ಬೇಕಾದವಲ್ಲ. ಸಮ, ಬೆಸ ಹೇಳುವ ಪ್ರೋಗ್ರಾಂಗಾಗಿ ಸುಸ್ತಾದ ರಾತ್ರಿ ಯಾರು ಎದ್ದು ಕೂರುತ್ತಾರೆ? ಆಫೀಸಿನಲ್ಲಿ ಯಾವ ಕೆಲಸ ಬೇಸರ ಅಂತ ಕೇಳಿದೆ. ಯೋಚಿಸದೆ ಹೇಳಿದರು, "2ಬಿ ತಾಳೆ ನೋಡೋದು."

ನೇರವಾಗಿ ಅದಕ್ಕೆ ಕೈ ಹಾಕಲಿಲ್ಲ. ಮೊದಲು ಜಿಎಸ್‌ಟಿ ನಂಬರ್ ಸರಿ ಇದೆಯಾ ಅಂತ ನೋಡುವ ಪ್ರೋಗ್ರಾಂ. ಆ ನಂಬರಿನಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಪ್ಯಾನ್. ಕೊನೆಯದು ತಾಳೆ ಅಕ್ಷರ, ಮೊದಲ 14ರಿಂದ ಲೆಕ್ಕ ಹಾಕಿದರೆ ಬರುತ್ತದೆ. ಮೊದಲ ಸಂಜೆ ಉದ್ದ 15 ಇದೆಯಾ ಅಂತ ಮಾತ್ರ ನೋಡಿದರು. ಆಮೇಲೆ ತಾಳೆ ಅಕ್ಷರದ ಲೆಕ್ಕ: ಅಂಕಿಗಳಿಗೆ 0ರಿಂದ 9, ಅಕ್ಷರಗಳಿಗೆ 10ರಿಂದ 35 ಬೆಲೆ, ಒಂದು ಬಿಟ್ಟು ಒಂದನ್ನು ಎರಡರಿಂದ ಗುಣಿಸುವುದು, ಗುಣಲಬ್ಧವನ್ನು 36ರಿಂದ ಭಾಗಿಸಿ ಭಾಗಲಬ್ಧ, ಶೇಷ ಕೂಡಿಸುವುದು. ನಾಲ್ಕು ಸಲ ಮಗ್ಗಿ ಬರೆದರೂ ಕೂರದ ಲೂಪ್ ಇಲ್ಲಿ ಕೂತಿತು. ಯಾಕೆಂದರೆ ಉತ್ತರ ಸರಿಯೋ ತಪ್ಪೋ ಅವರಿಗೇ ಗೊತ್ತಾಗುತ್ತಿತ್ತು, ಪರಿಚಿತ ನಂಬರುಗಳು ಬೇಕಾದಷ್ಟು ಇದ್ದವು. ಫಂಕ್ಷನ್ ಯಾಕೆ ಬೇಕು ಅನ್ನುವುದೂ ತಾನಾಗಿ ಬಂತು. ಒಂದೇ ಲೆಕ್ಕವನ್ನು ಪಟ್ಟಿಯ ಪ್ರತಿ ನಂಬರಿಗೂ ಹಾಕಬೇಕಿತ್ತು. ಕಕ್ಷಿದಾರರೊಬ್ಬರ ಪಟ್ಟಿಯಲ್ಲಿ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಹೊಡೆದಿದ್ದ ನಂಬರೊಂದು ಸಿಕ್ಕಿಬಿತ್ತು. ಆ ರಾತ್ರಿ ಅವರು ಕಳಿಸಿದ ಮೆಸೇಜಿನಲ್ಲಿ ಇದ್ದದ್ದು ಒಂದೇ ಪದ, "ಸಿಕ್ತು!"

ತಾಳೆ ನೋಡುವ ಪ್ರೋಗ್ರಾಂಗೆ ಬಂದಾಗ ಮೇಲಿನ ಟಿಪ್ಪಣಿಯಲ್ಲಿದ್ದ ಸಮಸ್ಯೆ ಎದುರಾಯಿತು. ಒಬ್ಬ ಸಪ್ಲೈಯರ್‌ನ ಬಿಲ್ಲುಗಳು ಎರಡೂ ಪಟ್ಟಿಯಲ್ಲಿ ಇದ್ದವು, ಆದರೂ ಪ್ರೋಗ್ರಾಂ ಒಂದನ್ನೂ ಸೇರಿಸುತ್ತಿರಲಿಲ್ಲ. ಉತ್ತರ ಹೇಳಿಬಿಡಿ ಅಂದರು. ಹೇಳಲಿಲ್ಲ. ಒಂದು ಬಿಲ್ ನಂಬರನ್ನು ಎರಡೂ ಕಡೆಯಿಂದ ತೆಗೆದು, ಉದ್ಧರಣ ಚಿಹ್ನೆ ಸಮೇತ ಕಾಣುವ ಹಾಗೆ ಪ್ರಿಂಟ್ ಮಾಡಿ ಅಂತ ಮಾತ್ರ ಹೇಳಿದೆ. ಒಂದು ಕಡೆ '0045', ಇನ್ನೊಂದು ಕಡೆ '45'. ಇನ್ನೊಂದು ಬಿಲ್ ತೆಗೆದರು. ಒಂದು ಕಡೆ '12-3', ಇನ್ನೊಂದು ಕಡೆ '12-Mar'.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಎಕ್ಸೆಲ್ ಮಾಡಿದ್ದು" ಅಂದರು. ಆಫೀಸಿನಲ್ಲಿ ಯಾರೋ ಖರೀದಿ ರಿಜಿಸ್ಟರಿನ ಸಿಎಸ್‌ವಿ ಫೈಲನ್ನು (ಅಲ್ಪವಿರಾಮ ಹಾಕಿ ಬಿಡಿಸಿದ ಸಾದಾ ಪಠ್ಯದ ಪಟ್ಟಿ) ನೋಡಲೆಂದು ಡಬಲ್ ಕ್ಲಿಕ್ ಮಾಡಿ ತೆರೆದು, ಸೇವ್ ಒತ್ತಿ ಮುಚ್ಚಿದ್ದರು. ಎಕ್ಸೆಲ್ ಮುಂದಿನ ಸೊನ್ನೆಗಳನ್ನು ತಿಂದುಹಾಕಿತ್ತು, 12-3 ಅನ್ನು ಮಾರ್ಚ್ 12 ಅಂತ ತಿಳಿದುಕೊಂಡಿತ್ತು. ಕೋಡಿನಲ್ಲಿ ತಪ್ಪೇ ಇರಲಿಲ್ಲ. ಮೂಲ ಫೈಲನ್ನು ಯಾರೂ ಮುಟ್ಟದ ಬೇರೆ ಫೋಲ್ಡರಿನಲ್ಲಿ ಇಡುವುದು, ಪ್ರೋಗ್ರಾಂ ಅಲ್ಲಿಂದಲೇ ಓದುವುದು, ಬಿಲ್ ನಂಬರನ್ನು ಯಾವಾಗಲೂ ಪಠ್ಯವಾಗಿಯೇ ಓದುವುದು: ಈ ಮೂರನ್ನು ಅವರೇ ನಿಶ್ಚಯಿಸಿದರು. ನನ್ನ ಲೆಕ್ಕದಲ್ಲಿ ಅವರು ಪ್ರೋಗ್ರಾಮರ್ ಆದದ್ದು ಆ ಸಂಜೆ. ಎಷ್ಟೋ ವರ್ಷ ಆಫೀಸಿನಲ್ಲಿ ಎಕ್ಸೆಲ್ ಬಳಸಿದ ಅನುಭವವೇ ಅಲ್ಲಿ ಕೆಲಸಕ್ಕೆ ಬಂತು. ಕಂಪ್ಯೂಟರ್ ಸೈನ್ಸ್ ಓದಿದ ಹೊಸ ಹುಡುಗನಿಗೆ ಅಷ್ಟು ಬೇಗ ಹೊಳೆಯುತ್ತಿರಲಿಲ್ಲ.

ಎರಡು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಕ್ಷಿದಾರರ ಲೆಕ್ಕ ಗುಟ್ಟಿನದು. ಆ ಫೈಲುಗಳನ್ನು ಮನೆಗೆ ತರುವುದಾಗಲಿ ನನಗೆ ಕಳಿಸುವುದಾಗಲಿ ಆಗಲಿಲ್ಲ. ಅದೇ ಅಚ್ಚಿನಲ್ಲಿ ಸುಳ್ಳು ಹೆಸರು, ಸುಳ್ಳು ಮೊತ್ತದ ಫೈಲುಗಳನ್ನು ಅವರೇ ಮಾಡಿಕೊಂಡರು. ತಪ್ಪು ಸಿಕ್ಕಿದಾಗ ಅದೇ ನಮೂನೆಯ ತಪ್ಪನ್ನು ಆ ಫೈಲಿಗೆ ಹಾಕಿಕೊಂಡು ಮನೆಯಲ್ಲಿ ಕೂರುತ್ತಿದ್ದರು. ಕಲಿಕೆಗೆ ಇದರಿಂದ ಒಳ್ಳೆಯದೇ ಆಯಿತು, ಬೇಕಾದ ತಪ್ಪನ್ನು ಬೇಕಾದಾಗ ಹುಟ್ಟಿಸಬಹುದಿತ್ತು.

ಇನ್ನೊಂದು ಚಾಟ್‌ಜಿಪಿಟಿ ವಿಚಾರ. ನಡುವೆ ಒಮ್ಮೆ ಇಡೀ ಪ್ರೋಗ್ರಾಂ ಅದರಿಂದಲೇ ಬರೆಸಿದರು. ಓಡಿತು ಕೂಡ. ಆದರೆ ರೂಪಾಯಿಯಲ್ಲಿ ವ್ಯತ್ಯಾಸ ಇದ್ದ ಒಂದು ಬಿಲ್ಲನ್ನು ಅದು ಸೇರಿಸಿಬಿಟ್ಟಿತ್ತು, ಯಾಕೆ ಅಂತ ಅವರಿಗೆ ಹೇಳಲು ಬರಲಿಲ್ಲ. ರಿಟರ್ನ್‌ಗೆ ಸಹಿ ಹಾಕುವವರ ಮುಂದೆ "ಯಾಕೋ ಗೊತ್ತಿಲ್ಲ" ಅನ್ನಲು ಆಗುವುದಿಲ್ಲ. ಆ ಫೈಲನ್ನು ಪಕ್ಕಕ್ಕಿಟ್ಟು ತಮ್ಮದಕ್ಕೇ ವಾಪಸ್ ಬಂದರು. ಅಲ್ಲಿಂದ ಮುಂದೆ ಎರರ್ ಅರ್ಥ ಮಾಡಿಕೊಳ್ಳಲು, ತಾನು ಬರೆದ ಸಾಲು ಯಾಕೆ ಹೀಗೆ ಅಂತ ಕೇಳಲು ಮಾತ್ರ ಬಳಸಿದರು. ಇದು ಅವರದೇ ತೀರ್ಮಾನ, ನನಗೆ ಬಹಳ ಸರಿ ಅನ್ನಿಸಿತು.

ಆಮೇಲೆ ಏನಾಯಿತು

ಪ್ರೋಗ್ರಾಂ ಆಫೀಸಿನಲ್ಲಿ ಓಡತೊಡಗಿದ ಮೇಲೆ ಹೊಸ ತೊಂದರೆ. ಆಡಿಟರಿಗೆ ಖುಷಿಯಾಗಿ, ಎಲ್ಲ ಕಕ್ಷಿದಾರರಿಗೂ ಮಾಡಿಕೊಡಿ ಅಂದರು. ಪ್ರಿಂಟರ್ ಕೆಟ್ಟರೂ ಇವರನ್ನೇ ಕರೆಯತೊಡಗಿದರು. ಕಲಿಯಲು ಇಟ್ಟ ಸಂಜೆಗಳನ್ನು ಆಫೀಸಿನ ಪ್ರೋಗ್ರಾಂ ನುಂಗಿತು. ಎರಡು ತಿಂಗಳು ಹೊಸದೇನೂ ಕಲಿಯಲಿಲ್ಲ. ಕೊನೆಗೆ ಅವರು ಆಡಿಟರ ಹತ್ತಿರ ಮಾತಾಡಿದರು: ಪ್ರೋಗ್ರಾಂ ಕೆಲಸ ಆಫೀಸಿನ ಸಮಯದಲ್ಲೇ, 21ರಿಂದ 25ರ ನಡುವೆ ಮಾತ್ರ. ತಾಳೆ ನೋಡುವುದರಲ್ಲಿ ಉಳಿದ ಸಮಯವನ್ನು ಲೆಕ್ಕ ಹಾಕಿ ಕಾಗದದಲ್ಲಿ ತೋರಿಸಿದರು. ದೊಡ್ಡ ಕಕ್ಷಿದಾರರೊಬ್ಬರದಕ್ಕೆ ಮೊದಲು ಪೂರ್ತಿ ದಿನ ಹಿಡಿಯುತ್ತಿತ್ತು, ಈಗ ಮರುಪರಿಶೀಲನೆ ಸೇರಿ ಒಂದು ಗಂಟೆ. ಆಡಿಟರು ಒಪ್ಪಿದರು. ಸ್ವಲ್ಪ ಸಂಬಳವೂ ಏರಿತು.

ಅದಾದ ಮೇಲೆ ಬೆಂಗಳೂರಿನ ಒಂದು ಕಂಪನಿಗೆ ಅರ್ಜಿ ಹಾಕಿದರು. ಆನ್‌ಲೈನ್ ಪರೀಕ್ಷೆ, ಇಂತಿಷ್ಟೇ ಹೊತ್ತಿನಲ್ಲಿ ಬಿಡಿಸಬೇಕಾದ ಒಗಟಿನಂಥ ಪ್ರಶ್ನೆಗಳು. ಒಂದನ್ನೂ ಮುಗಿಸಲಾಗಲಿಲ್ಲ. ಆ ತಿಂಗಳು ಬಿಡುವಿನ ಸಂಜೆಗಳು ಬಂದವು, ಹೋದವು, ಲ್ಯಾಪ್‌ಟಾಪ್ ತೆರೆಯಲಿಲ್ಲ. ಮುಂದಿನ ತಿಂಗಳೂ ಹಾಗೇ ಆಯಿತು. ನಾನು ಒತ್ತಾಯ ಮಾಡಲಿಲ್ಲ. ಬೇಸರಕ್ಕೆ ಕಾರಣ ಇತ್ತು, ಅದು ಇಳಿಯಲು ಸಮಯ ಬೇಕಿತ್ತು.

ಎರಡು ತಿಂಗಳ ಮೇಲೆ ಒಂದು ಸಂಜೆ ಅವರೇ ಫೈಲು ತೆರೆದರು. ಮೇಲಿನ ಟಿಪ್ಪಣಿ ಓದಿ, ಅದರಲ್ಲಿದ್ದ ಮೊದಲ ಕೆಲಸ ಮಾಡಿದರು. ಅದೇ ಸಂಜೆ, ನಿಂತಲ್ಲಿಂದ ಮುಂದೆ ಹೋದರು. ಹೊಸ ಫೋಲ್ಡರ್ ಹುಟ್ಟಲಿಲ್ಲ. ಹಿಂದಿನ ವರ್ಷ ಎರಡು ವಾರದ ಬಿಡುವಿಗೇ ಮೊದಲ ಪಾಠಕ್ಕೆ ಹೋಗುತ್ತಿದ್ದವರು ಇವರೇ. ಈ ಪ್ರಕರಣದಲ್ಲಿ ನನಗೆ ಪ್ರೋಗ್ರಾಂಗಿಂತ ದೊಡ್ಡದು ಅನ್ನಿಸುವುದು ಈ ವಾಪಸಾತಿ.

ಗುರಿಯೂ ಆ ಹೊತ್ತಿಗೆ ಬದಲಾಯಿತು. ಐಟಿಗೆ ಹೋಗಬೇಕು ಅನ್ನುವ ಜಾಗದಲ್ಲಿ, ಲೆಕ್ಕಪತ್ರದ ಕೆಲಸವನ್ನು ಕೋಡಿನಿಂದ ಮಾಡುವ ಹುದ್ದೆ ಹಿಡಿಯಬೇಕು ಅನ್ನುವುದು ಬಂತು. ಒಗಟು ಬಿಡಿಸುವ ಅಭ್ಯಾಸ ಕೈಬಿಟ್ಟು ಎಸ್‌ಕ್ಯೂಎಲ್ ಹಿಡಿದಿದ್ದಾರೆ, ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ ಅದು. ಹೊಸ ಕೆಲಸ ಇನ್ನೂ ಸಿಕ್ಕಿಲ್ಲ, ಅದೇ ಆಫೀಸಿನಲ್ಲಿದ್ದಾರೆ. ಒಂದು ವರ್ಷ ಅಂದುಕೊಂಡದ್ದು ಎರಡೂವರೆ ವರ್ಷ ದಾಟಿದೆ.

ಕಲಿಕೆಯ ಜೊತೆಗಾರರ ವಿಷಯದಲ್ಲೂ ಒಂದು ಬದಲಾವಣೆ ಆಯಿತು. ಹಳೇ ಗುಂಪಿನಿಂದ ಒಬ್ಬರನ್ನು ಮಾತ್ರ ಜೊತೆಗೆ ಇಟ್ಟುಕೊಂಡರು, ಅವರೂ ಸಣ್ಣ ಮಗು ಇರುವ ತಾಯಿ. ಇಬ್ಬರೂ ದಿನದ ಲೆಕ್ಕ ಹೇಳಿಕೊಳ್ಳುವುದಿಲ್ಲ. ಸಿಕ್ಕಿಕೊಂಡಾಗ ಪ್ರಶ್ನೆ ಕಳಿಸುತ್ತಾರೆ, ಉತ್ತರ ಯಾವಾಗ ಬಂದರೂ ಸರಿ.

ಬೇರೆಯವರಿಗೆ ಇದರಿಂದ ಏನು ಸಿಗುತ್ತದೆ

21ರಿಂದ 4 ಅನ್ನುವ ತಾರೀಖು ಎಲ್ಲರಿಗೂ ಹೊಂದುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಅಥವಾ ಆಸ್ಪತ್ರೆಯಲ್ಲಿ ಪಾಳಿ ಕೆಲಸ ಮಾಡುವವರ ಏರಿಳಿತ ವಾರದಲ್ಲಿರುತ್ತದೆ. ರಾತ್ರಿ ಪಾಳಿ ಮುಗಿದ ಮಾರನೇ ದಿನ ಓದು ಇಟ್ಟುಕೊಳ್ಳುವುದು ಸುಮ್ನೆ ಆಸೆ. ಶಾಲಾ ಶಿಕ್ಷಕರಿಗೆ ಪರೀಕ್ಷೆ, ಮೌಲ್ಯಮಾಪನದ ತಿಂಗಳು ಕೆಂಪು. ಅಡಿಕೆ ತೋಟ ಇರುವವರಿಗೆ ಕೊಯ್ಲಿನ ಕಾಲ ಕೆಂಪು. ಹಿಂದಿನ ಮೂರು ತಿಂಗಳಲ್ಲಿ ನಿಜವಾಗಿ ಯಾವ ದಿನ ಕೂತಿದ್ದೆ ಅಂತ ಫೈಲುಗಳ ತಾರೀಖು ನೋಡಿ ಗುರುತು ಹಾಕಿದರೆ ಆ ನಕ್ಷೆ ತಾನಾಗಿ ಕಾಣುತ್ತದೆ. ಮುಂದಿನ ಯೋಜನೆ ಆ ನಕ್ಷೆಯ ಮೇಲೆ ಹಾಕಿ.

ಕೆಲಸ ಬಿಟ್ಟು ಪೂರ್ತಿ ಹೊತ್ತು ಕಲಿಯುವವರಿಗೆ ಈ ಪ್ರಕರಣ ಅಷ್ಟಾಗಿ ಹೊಂದುವುದಿಲ್ಲ. ಅವರಿಗೆ ಸಮಯ ಇರುತ್ತದೆ, ಆದರೆ ಮೇಜಿನ ಮೇಲೆ ಇವರಿಗಿದ್ದಂಥ ಸ್ವಂತ ಸಮಸ್ಯೆ ಇರುವುದಿಲ್ಲ. ಅಂಥವರು ಹತ್ತಿರದ ಯಾರದಾದರೂ ಬೇಸರದ ಕೆಲಸವೊಂದನ್ನು ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವಾಗಲಿ, ಮಹಿಳಾ ಸಂಘದ ಉಳಿತಾಯದ ಲೆಕ್ಕವಾಗಲಿ ಸಾಕು. ತಪ್ಪಾದರೆ ತಪ್ಪು ಅಂತ ಹೇಳುವ ಒಬ್ಬರು ಎದುರಿಗೆ ಇರಬೇಕು. ಹೆಸರು, ಮೊತ್ತ ಬದಲಿಸಿದ ಫೈಲಿನ ಮೇಲೆ ಕೆಲಸ ಮಾಡಿ, ಮೊದಲ ವಾರ ಲೆಕ್ಕದ ಒಂದು ಕಾಲಂ ಮಾತ್ರ ಸರಿಯಾಗಿ ಕೂಡಿಸಿ ತೋರಿಸಿ. ಇನ್ನೇನು ಬೇಕು ಅಂತ ಅವರೇ ಹೇಳುತ್ತಾರೆ.